ಠಾಣೆಯೇ ಪಾಠಶಾಲೆ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಅವರಲ್ಲಿದ್ದರು. ಇಂಥ ಹೊತ್ತಿನಲ್ಲಿ ಅಗ್ನಿಶಾಮಕ ದಳಕ್ಕೆ ನೀರಿನಲ್ಲೂ ಕೆಲಸವುಂಟು. ಶ್ರೀರಂಗಪಟ್ಟಣದ ಕಾವೇರಿಯಾಗಲಿ, ಕೆ.ಆರ್. ಪೇಟೆಯ ಹೇಮಾವತಿಯಾಗಲಿ, ನಾಗಮಂಗಲದ ಹುಲ್ಲಿನ ಬಣವೆಯಾಗಲಿ, ಕರೆ ಬಂದೊಡನೆ ಹೊರಡುವವರು ಇವರೇ.

ಹೊಸಬನಿಗೆ ಇಷ್ಟೆಲ್ಲ ಕಲಿಸುವವರು ಯಾರು? ತರಬೇತಿ ಶಾಲೆಯದು ಮೊದಲ ಪಾಠ. ಉಳಿದದ್ದು ಠಾಣೆಯ ಹಿರಿಯರದು. ಹಗ್ಗದ ಗಂಟನ್ನು ಕತ್ತಲಲ್ಲೂ ಹಾಕುವಷ್ಟು ಅಭ್ಯಾಸ ಮಾಡಿಸಬೇಕು. ಹೊಗೆ ತುಂಬಿದ ಕೋಣೆಗೆ ಒಬ್ಬನನ್ನೇ ಬಿಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅರಿವಿಗೆ ಬರುವ ಮೊದಲೇ ಎಚ್ಚರ ತಪ್ಪಿಸುತ್ತದೆ. ದುಡುಕಿ ನುಗ್ಗುವ ಕಿರಿಯನ ತೋಳು ಹಿಡಿದು ನಿಲ್ಲಿಸುವುದೂ ನಾಯಕತ್ವವೇ.

ಆಪತ್ತಿನಲ್ಲಿ 112ಕ್ಕೆ ಕರೆ ಮಾಡಿ ಊರು, ಗುರುತು ಹೇಳುವುದನ್ನು ನಿಮ್ಮ ತಮ್ಮ ತಂಗಿಯರಿಗೆ ಇಂದೇ ಕಲಿಸಿ. ಹಿರಿತನ ಶುರುವಾಗುವುದು ಅಲ್ಲಿಂದಲೇ.