ಬೆಳಕು ಕುಂದಿದಾಗ ಸತ್ತದ್ದು ಯಾವುದು?



ಈ ಸಂಕಿರಣದ ಆಶಯ ಭಾಷಣಕ್ಕೆ ನನ್ನನ್ನು ಕರೆದದ್ದು ಸಂಘಟಕರ ದೊಡ್ಡ ಮನಸ್ಸು. ವಯಸ್ಸಾದವರನ್ನು ಬೆಳಿಗ್ಗೆಯೇ ಮಾತಾಡಿಸಿ ಮುಗಿಸಿಬಿಟ್ಟರೆ ಮುಂದಿನ ಗೋಷ್ಠಿಗಳು ಹೊತ್ತಿಗೆ ಸರಿಯಾಗಿ ನಡೆಯುತ್ತವೆ ಎಂಬ ಜಾಣತನವೂ ಅದರಲ್ಲಿದೆ.

ವಿದ್ಯುದ್ರಾಸಾಯನಿಕ ದೀಪ್ತಿಯ, ಅಂದರೆ ನಾವೆಲ್ಲ ಇಸಿಎಲ್ ಎನ್ನುವುದರ, ಇತಿಹಾಸ ಹೇಳಿ ಎಂದು ಆಹ್ವಾನ ಪತ್ರದಲ್ಲಿತ್ತು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಎರಡೇ ಮಾತಿನಲ್ಲಿ ದಾಟಿಬಿಡುತ್ತೇನೆ. 1965ರಲ್ಲಿ ಆಸ್ಟಿನ್ನಿನ ಅಲೆನ್ ಬಾರ್ಡ್ ಅವರೊಂದಿಗೆ ಈ ವಿಷಯದ ಆರಂಭದ ಪ್ರಬಂಧ ಬರೆದವರು ನಮ್ಮ ದೇಶದವರೇ ಆದ ಕೆ.ಎಸ್.ವಿ. ಸಂತಾನಂ. 1972ರಲ್ಲಿ ಟೋಕೆಲ್ ಮತ್ತು ಬಾರ್ಡ್ ರುಥೇನಿಯಂ ಬೈಪಿರಿಡಿನ್ ಸಂಕೀರ್ಣದಿಂದ ಕಿತ್ತಳೆ ಬೆಳಕು ಹೊರಡಿಸಿದರು. 1980ರಲ್ಲಿ ರೂಬಿನ್‌ಸ್ಟೈನ್ ಮತ್ತು ಬಾರ್ಡ್ ಅದೇ ಸಂಕೀರ್ಣವನ್ನು ನಾಫಿಯಾನ್ ಪಾಲಿಮರ್ ಪದರದಲ್ಲಿ ಎಲೆಕ್ಟ್ರೋಡಿನ ಮೇಲೆ ಹಿಡಿದಿಟ್ಟರು. ಅಲ್ಲಿಂದಾಚೆಗೆ ಪದರಕ್ಕೆ ಬಂದವು ಸಿಲಿಕಾ, ಗ್ರಾಫೀನ್, ಚಿನ್ನದ ನ್ಯಾನೋಕಣ, ಕ್ವಾಂಟಂ ಡಾಟ್. ಆ ಪಟ್ಟಿಗೆ ಸಾಲು ಸೇರಿಸಿದವರು ಈ ಸಭಾಂಗಣದಲ್ಲೇ ಇದ್ದಾರೆ, ಅವರಿಗೆ ನಮಸ್ಕಾರ.

ಇನ್ನು ನನ್ನ ತಕರಾರು. ಬಹಳ ಕಾಲದಿಂದ ಹೇಳುತ್ತಲೇ ಇದ್ದೇನೆ, ಕೇಳಿದವರು ಕ್ಷಮಿಸಬೇಕು. ಪತ್ತೆಯ ಕನಿಷ್ಠ ಮಿತಿಯನ್ನು ಇಳಿಸುವುದರಲ್ಲಿ ನಾವು ನಿಪುಣರಾದೆವು. ಪದರದ ಆಯುಸ್ಸನ್ನು ಕೇಳುವುದನ್ನೇ ಬಿಟ್ಟೆವು. ಪ್ರತಿ ಪ್ರಬಂಧದಲ್ಲೂ ಹೊಸ ವಸ್ತು ಇದೆ, ಸ್ಥಿರತೆಗೆ ಮಾತ್ರ ಹತ್ತು ಹದಿನೈದು ವೋಲ್ಟೇಜ್ ಸ್ಕ್ಯಾನುಗಳ ಒಂದು ಪುಟ್ಟ ಚಿತ್ರ.

ಒಮ್ಮೆ ಪಿಎಚ್‌ಡಿ ಮೌಖಿಕ ಪರೀಕ್ಷೆಯಲ್ಲಿ ಹುಡುಗನೊಬ್ಬನನ್ನು ಕೇಳಿದೆ: "ಹತ್ತು ಸ್ಕ್ಯಾನ್ ತೋರಿಸಿದ್ದೀಯಪ್ಪ, ನೂರನೆಯದು?" ಅವನು ಅಂಜದೆ ಹೇಳಿದ: "ಅಷ್ಟರಲ್ಲಿ ಮತ್ತೆ ಪಾಲಿಶ್ ಮಾಡಿ ಹೊಸ ಪದರ ಹಾಕ್ತೀವಿ ಸಾರ್." ಮಾರ್ಗದರ್ಶಕರು ಚಾವಣಿ ನೋಡಿದರು. ನಾನು ಪದವಿಗೆ ಶಿಫಾರಸು ಮಾಡಿದೆ, ಅಷ್ಟು ಪ್ರಾಮಾಣಿಕ ಉತ್ತರ ಆ ಇಡೀ ಮಹಾಪ್ರಬಂಧದಲ್ಲಿ ಇರಲಿಲ್ಲ.

ಆ ಪದರವನ್ನು ನಾವು ಹಾಕುವ ರೀತಿಯನ್ನೇ ನೋಡಿ. ಮೂರು ಮಿಲಿಮೀಟರ್ ಅಗಲದ ಗ್ಲಾಸಿ ಕಾರ್ಬನ್ ಬಿಲ್ಲೆ. ಅಲ್ಯುಮಿನಾ ಕೆಸರಿನಲ್ಲಿ ಎಂಟರ ಆಕಾರದಲ್ಲಿ ಉಜ್ಜಿ, ತೊಳೆದು, ಐದು ಮೈಕ್ರೋಲೀಟರ್ ಹನಿ ಬಿಟ್ಟು ಒಣಗಿಸುತ್ತೇವೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿಯಂತೆಯೇ ಅದೂ ಅಂಚಿಗೆ ಓಡಿ ಅಲ್ಲಿ ದಪ್ಪಗೆ ಕೂರುತ್ತದೆ. ಫೋಟೋಮಲ್ಟಿಪ್ಲಯರ್ ಬದಲು ಕ್ಯಾಮೆರಾ ಇಟ್ಟು ನೋಡಿ: ಎಷ್ಟೋ ಸಲ ಹೊಳೆಯುವುದು ಬಿಲ್ಲೆಯಲ್ಲ, ಬರಿಯ ಬಳೆ. ಆದರೂ ಇಡೀ ವಿಸ್ತೀರ್ಣದಿಂದ ಭಾಗಿಸಿ ಬರೆಯುತ್ತೇವೆ.

ಈಗ ನನ್ನ ಪ್ರಶ್ನೆ. ಸ್ಕ್ಯಾನ್ ಮಾಡುತ್ತಾ ಹೋದಂತೆ ಬೆಳಕು ಕುಂದುತ್ತದೆ. ಆಗ ಸತ್ತದ್ದು ಯಾವುದು? ರುಥೇನಿಯಂ ದ್ರಾವಣಕ್ಕೆ ಸೋರಿಹೋಯಿತೇ? ಪದರ ಎದ್ದುಬಂತೇ? ಸಂಕೀರ್ಣವೇ ಕೆಟ್ಟಿತೇ? ಎಲೆಕ್ಟ್ರೋಡು ಪ್ಲಾಟಿನಂ ಆದರೆ, ಮೇಲೆ ಆಕ್ಸೈಡ್ ಬೆಳೆದು, ಬೆಳಕು ಹೊರಡಿಸಲು ದ್ರಾವಣಕ್ಕೆ ಹಾಕುವ ಸಹಾಯಕ ಟ್ರೈಪ್ರೊಪಿಲ್ ಅಮೀನಿನ ಉತ್ಕರ್ಷಣವನ್ನು ತಡೆಯಿತೇ? ನಾಫಿಯಾನ್‌ನಲ್ಲಿ ಇನ್ನೊಂದು ಪೇಚು: ಸಂಕೀರ್ಣ ಎಲ್ಲಿಗೂ ಹೋಗದೆ, ಒಳಗಿನ ಜಲದ್ವೇಷಿ ಜಾಗಗಳಿಗೆ ಸರಿದು, ಇದ್ದೂ ಕೆಲಸಕ್ಕೆ ಬಾರದಂತಾಗುತ್ತದೆ. ಇವೆಲ್ಲವೂ ನಮ್ಮ ಪರದೆಯ ಮೇಲೆ ಒಂದೇ ಇಳಿಜಾರಿನ ಗೆರೆಯಾಗಿ ಕಾಣುತ್ತವೆ.

ಹಾಗೆಯೇ ಏರಿಕೆ. ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟನ್ನು ದ್ರಾವಣಕ್ಕೆ ಹಾಕಿದರೂ ಬೆಳಕು ಏರುತ್ತದೆ. ಅದು ಲೋಹದ ಮೈಗೆ ಅಂಟಿ ಜಲದ್ವೇಷಿ ಮಾಡುವುದರಿಂದ ಅಮೀನಿನ ಉತ್ಕರ್ಷಣ ಸಲೀಸಾಗುತ್ತದೆ ಎಂದು ಝು ಮತ್ತು ಬಾರ್ಡ್ 2001ರಲ್ಲೇ ತೋರಿಸಿದ್ದಾರೆ. ನಮ್ಮ ಹೊಸ ನ್ಯಾನೋವಸ್ತುವಿನ ಕೀರ್ತಿಯಲ್ಲಿ ಎಷ್ಟು ಪಾಲು ಬರಿಯ ಜಲದ್ವೇಷದ್ದು? ವೇಗವರ್ಧನೆ ಎಂದು ಶೀರ್ಷಿಕೆ ಕೊಡುವ ಮೊದಲು ಅದನ್ನು ಬೇರ್ಪಡಿಸಬೇಕಿತ್ತು.



ಪದರದ ಆಯುಸ್ಸಿನ ಸಮಸ್ಯೆಯನ್ನು ಬೇರೆಯವರು ಹೇಗೆ ನಿಭಾಯಿಸಿದರೆಂದು ನೋಡಲು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಗಿ. ಥೈರಾಯ್ಡಿನ ಟಿಎಸ್‌ಎಚ್, ಹೃದಯದ ಟ್ರೋಪೋನಿನ್ ಅಳೆಯುವ ರೋಶ್ ಕಂಪನಿಯ ಯಂತ್ರದಲ್ಲಿರುವುದು ಇದೇ ರುಥೇನಿಯಂ, ಇದೇ ಅಮೀನ್. ಆದರೆ ಎಲೆಕ್ಟ್ರೋಡಿಗೆ ಶಾಶ್ವತವಾಗಿ ಏನನ್ನೂ ಅಂಟಿಸಿಲ್ಲ. 2.8 ಮೈಕ್ರಾನಿನ ಕಾಂತೀಯ ಮಣಿಗಳನ್ನು ಅಯಸ್ಕಾಂತ ಪ್ಲಾಟಿನಂ ಮೇಲೆ ಕೂರಿಸುತ್ತದೆ, ಬೆಳಕು ಅಳೆದಾದ ಮೇಲೆ ಮಣಿಗಳು ತೊಳೆದುಹೋಗುತ್ತವೆ, ಮುಂದಿನ ರೋಗಿಗೆ ಹೊಸ ಮಣಿ. ನಾವು ಬಿಡಿಸದ ಸಮಸ್ಯೆಯನ್ನು ಅವರು ಬಿಡಿಸಲಿಲ್ಲ, ಪಕ್ಕಕ್ಕಿಟ್ಟು ಗೆದ್ದರು. ಮಣಿಯ ಮೇಲೆ ಅಷ್ಟು ಎತ್ತರದಲ್ಲಿ, ಎಲೆಕ್ಟ್ರಾನು ನೇರ ಜಿಗಿಯಲಾರದ ದೂರದಲ್ಲಿ, ಬೆಳಕು ಹೇಗೆ ಬರುತ್ತದೆ ಎಂಬುದಕ್ಕೆ ಉತ್ತರವಿದೆ: 2002ರಲ್ಲಿ ಮಿಯಾವೊ, ಚೋಯ್, ಬಾರ್ಡ್ ಹೇಳಿದಂತೆ ಅಮೀನಿನ ರ್‍ಯಾಡಿಕಲ್‌ಗಳೇ ಅಲ್ಲಿಗೆ ಹರಿದು ಕೆಲಸ ಮುಗಿಸುತ್ತವೆ, ಅಮೀನ್ ಕ್ಯಾಟಯಾನಿನ ಅರ್ಧಾಯು ಸುಮಾರು 0.2 ಮಿಲಿಸೆಕೆಂಡ್. ನಮ್ಮ ಪದರದೊಳಗೆ ಆ ರ್‍ಯಾಡಿಕಲ್ ಎಷ್ಟು ದೂರ ನಡೆಯುತ್ತದೆ? ಪ್ರತಿ ಪದರಕ್ಕೂ ಬೇರೆಯೇ ಇರಬೇಕು. ಅಳೆದವರು ತೀರಾ ಕಡಿಮೆ.

ಇನ್ನು, ಸತ್ತದ್ದು ಯಾವುದೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಬೆಳಕು ಕುಂದಿದ ಎಲೆಕ್ಟ್ರೋಡಿಗೆ 450 ನ್ಯಾನೋಮೀಟರಿನ ನೀಲಿ ಬೆಳಕು ಬಿಟ್ಟು ನೋಡಿ: ಕೆಂಪಾಗಿ ಹೊಳೆದರೆ ರುಥೇನಿಯಂ ಅಲ್ಲೇ ಇದೆ. ವೋಲ್ಟಮೆಟ್ರಿಯ ಶಿಖರ ಎಷ್ಟು ಇನ್ನೂ ಚುರುಕಾಗಿದೆ ಎಂದು ಹೇಳುತ್ತದೆ. ಚೆಲ್ಲುವ ಬಫರ್ ದ್ರಾವಣದ ಫ್ಲೋರೆಸೆನ್ಸ್, ಸೋರಿದ ಪಾಲನ್ನು ಹೇಳುತ್ತದೆ. ಮೂರೂ ಒಂದು ಮಧ್ಯಾಹ್ನದ ಕೆಲಸ.

ಸಂಘಟಕರಲ್ಲಿ ಒಂದು ಕೋರಿಕೆ. ಈ ಸಂಕಿರಣದ ನಡಾವಳಿಗೆ ಬರುವ ಪ್ರತಿ ಲೇಖನದಲ್ಲೂ ಈ ಮೂರು ಅಳತೆಗಳನ್ನು ಕಡ್ಡಾಯ ಮಾಡಿ, ಇಲ್ಲದಿದ್ದರೆ ವಾಪಸು ಕಳಿಸಿ. ನನ್ನ ವಿದ್ಯಾರ್ಥಿಗಳದ್ದಾದರೂ ಸರಿ.