ಪಾಡ್‌ಕಾಸ್ಟಿಗೊಂದು ಸ್ವಂತ ವಿಳಾಸ



ಪಾಡ್‌ಕಾಸ್ಟ್ ಆರಂಭಿಸುವವರು ಸಾಮಾನ್ಯವಾಗಿ ವಿಚಾರಿಸುವುದು ಯಾವ ಸೇವೆ ಅಗ್ಗವೆಂದು. ನಾಳೆ ಅದನ್ನು ತೊರೆಯಬೇಕಾದರೆ ಕೇಳುಗರೂ ಜೊತೆಗೆ ಬರುವರೇ ಎಂಬುದು ಅದಕ್ಕಿಂತ ಮುಖ್ಯ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿತು. ಕಾರ್ಯಕ್ರಮಗಳು ಅಳಿಯಲಿಲ್ಲ, ಏಕೆಂದರೆ ಅವುಗಳ ಕಡತಗಳು ಬೇರೆಡೆ ಇದ್ದವು. ಕಡತಗಳನ್ನಿರಿಸಿಕೊಂಡ ಸೇವೆಯೇ ಮುಚ್ಚಿದರೆ?

ಆದ್ದರಿಂದ ಮೊದಲ ವೆಚ್ಚ ಸ್ವಂತ ಡೊಮೈನ್ ಹೆಸರಿಗಾಗಲಿ. ಹೊಸ ಕಂತು ಬಂದುದನ್ನು ಕೇಳುಗರ ಫೋನಿಗೆ ತಿಳಿಸುವ ಫೀಡ್ ಆ ವಿಳಾಸದಲ್ಲಿಯೇ ಇರಲಿ. ವರ್ಡ್‌ಪ್ರೆಸ್‌ನಲ್ಲಿ ಇದು ಸುಲಭಸಾಧ್ಯ. ಸಂಕಲನಕ್ಕೆ ಉಚಿತವಾಗಿ ದೊರೆಯುವ ಅಡಾಸಿಟಿ ಸಾಕು.

ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಕೇಳುಗನಿಗೆ ಕಡತ ಹಗುರವಿರಬೇಕು. ಮಾತಿಗೆ 64 ಕೆಬಿಪಿಎಸ್ ಮೊನೊ ಎಂಪಿ3 ಸಾಲುತ್ತದೆ: ಅರ್ಧ ಗಂಟೆಗೆ ಸುಮಾರು 14 ಎಂಬಿ. ಜೀರುಂಡೆಯ ಸಣ್ಣ ದನಿ ಮಾತ್ರ ಅದರಲ್ಲಿ ಸವೆಯುತ್ತದೆ. ಮೂಲ ಧ್ವನಿಮುದ್ರಣವನ್ನು ಮಳೆಗಾಲದ ತೇವ ತಾಗದಂತೆ ಎರಡು ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಕಾಪಿಡುವುದು ಒಳ್ಳೆಯದು.