ಕಾರಿನ ಬ್ರೇಕ್ ದ್ರವದ ಸೋರಿಕೆ: ಪತ್ತೆ ಮತ್ತು ದುರಸ್ತಿ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸಂತೆಗೆ, ಆಸ್ಪತ್ರೆಗೆ, ನೆಂಟರಿಷ್ಟರ ಮನೆಗೆ ಹೋಗಿಬರಲು ಇಂದು ಹಳ್ಳಿಯ ಅನೇಕ ಮನೆಗಳಲ್ಲಿ ಕಾರು ಇದೆ. ಎಂಜಿನ್ ಕೆಟ್ಟರೆ ಕಾರು ಅಂಗಳದಲ್ಲೇ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಆದ್ದರಿಂದ ಬ್ರೇಕ್ ದ್ರವದ ಸೋರಿಕೆಯನ್ನು ಗುರುತಿಸುವುದು ಪ್ರತಿಯೊಬ್ಬ ಕಾರಿನ ಮಾಲೀಕನಿಗೂ ತಿಳಿದಿರಬೇಕು.

ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುವುದು ಈ ದ್ರವ. ಇದು ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಪ್ಯಾಡುಗಳು ಸವೆದಂತೆ ತಿಂಗಳುಗಟ್ಟಲೆ ಅವಧಿಯಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಕೆಲವೇ ದಿನಗಳಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಆಗಾಗ ಡಬ್ಬಿಯಿಂದ ತುಂಬಿಸಿ ಓಡಿಸುವುದು ಏರಿ ಒಡೆದ ಕೆರೆಗೆ ನೀರು ಹಾಯಿಸಿದಂತೆ, ಅದು ದುರಸ್ತಿಯಲ್ಲ.

ಲಕ್ಷಣಗಳು: ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಆರದಿರುವುದು, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುವುದು, ಕಾರು ಒಂದು ಪಕ್ಕಕ್ಕೆ ಎಳೆಯುವುದು. ಪೆಡಲ್ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕುಸಿದರೂ ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುವ ಸಂಭವವುಂಟು. ಈಗಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಕೊಳವೆ ಜಾಲಗಳಿರುವುದರಿಂದ ಒಂದು ಬರಿದಾದರೂ ಇನ್ನೊಂದು ಕೆಲಸ ಮಾಡುತ್ತದೆ. ಆದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. 'ಹೇಗೋ ಹಿಡಿಯುತ್ತಿದೆ' ಎಂಬ ಧೈರ್ಯ ಇಲ್ಲಿಯೇ ಮೋಸಮಾಡುತ್ತದೆ.

ಪತ್ತೆ ಮಾಡುವ ಕ್ರಮ: ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ನಾಲ್ಕು ಚಕ್ರಗಳ ಹಾಗೂ ಎಂಜಿನ್ನಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಬೇಕು. ತೆಳುವಾಗಿ, ಜಾರುವಂತೆ, ಜೇನಿನ ಬಣ್ಣದಲ್ಲಿ ಅಥವಾ ಹಳೆಯದಾಗಿದ್ದರೆ ಕಂದಾಗಿ ಕಂಡರೆ ಬ್ರೇಕ್ ದ್ರವವೆಂದು ಅನುಮಾನಿಸಬೇಕು. ಎಂಜಿನ್ ಆಯಿಲ್‌ಗೆ ವಿರುದ್ಧವಾಗಿ ಇದು ನೀರಿನಲ್ಲಿ ಕರಗುತ್ತದೆ. ಬಳಿಕ ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಚಕ್ರಗಳ ಒಳಬದಿ, ರಬ್ಬರ್ ಹೋಸುಗಳು, ಉಕ್ಕಿನ ಕೊಳವೆಗಳು ಮತ್ತು ಪೆಡಲಿನ ಹಿಂಭಾಗವನ್ನು ಪರೀಕ್ಷಿಸಲಿ. ಹಿಂಚಕ್ರದ ಡ್ರಮ್ಮಿನೊಳಗಿನ ಸಣ್ಣ ಸಿಲಿಂಡರ್ ಸೋರಿದರೆ ಟೈರಿನ ಒಳಮೈ ತೇವವಾಗುತ್ತದೆ. ಎಲ್ಲಿಯೂ ಕಾಣದಿದ್ದರೆ ಕ್ಲಚ್ ಕಡೆಗೂ ನೋಡಬೇಕು. ಅನೇಕ ಕಾರುಗಳಲ್ಲಿ ಕ್ಲಚ್‌ಗೂ ಅದೇ ಡಬ್ಬಿಯಿಂದ ದ್ರವ ಹೋಗುತ್ತದೆ. ಗೊಬ್ಬರದ ಚೀಲ ಸಾಗಿಸುವ, ಕೊಟ್ಟಿಗೆಯ ಬಳಿ ನಿಲ್ಲುವ ಕಾರಿನ ಉಕ್ಕಿನ ಕೊಳವೆಗಳಿಗೆ ತುಕ್ಕು ಬೇಗ ಹಿಡಿಯುವುದರಿಂದ ಆ ಭಾಗವನ್ನು ವಿಶೇಷವಾಗಿ ಗಮನಿಸುವುದು ಒಳ್ಳೆಯದು.

ದುರಸ್ತಿ: ಚಕ್ರ ಬಿಚ್ಚುವಾಗ ಬರೀ ಜಾಕಿಯನ್ನು ನಂಬಬಾರದು. ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕಾರನ್ನು ಕೂರಿಸಬೇಕು. ಸೋರುವ ಚಕ್ರದ ಸಿಲಿಂಡರನ್ನು ಬದಲಿಸುವುದೇ ಕ್ಷೇಮ. ದ್ರವ ಹೀರಿದ ಬ್ರೇಕ್ ಶೂಗಳನ್ನು ತೊಳೆದು ಮತ್ತೆ ಹಾಕಬಾರದು. ಎಡಬಲ ಎರಡೂ ಕಡೆ ಹೊಸದನ್ನು ಹಾಕಿದರೆ ಹಿಡಿತ ಸಮನಾಗಿರುತ್ತದೆ. ಬಿರುಕುಬಿಟ್ಟ ಹೋಸಿಗೆ ಟೇಪು ಸುತ್ತುವುದು, ಉಕ್ಕಿನ ಕೊಳವೆಗೆ ಬೆಸುಗೆ ಅಥವಾ ಅಂಟು ಹಾಕುವುದು ಅಪಾಯಕರ. ಅಲ್ಲಿನ ಒತ್ತಡವನ್ನು ಅವು ತಡೆಯಲಾರವು.

ಕೊನೆಗೆ ಗಾಳಿ ತೆಗೆಯಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ಆದರೂ ಕಾರಿನ ಕೈಪಿಡಿಯ ಕ್ರಮವೇ ಅಂತಿಮ. ಪಾರದರ್ಶಕ ನಳಿಕೆಯ ತುದಿಯನ್ನು ದ್ರವವಿರುವ ಸೀಸೆಯಲ್ಲಿ ಮುಳುಗಿಸಿ, ಪೆಡಲ್ ಒತ್ತಿದಾಗ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮುನ್ನ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡುತ್ತ, ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು. ಎ.ಬಿ.ಎಸ್. ಇರುವ ಕಾರುಗಳಲ್ಲಿ ಈ ಕೆಲಸವನ್ನು ವರ್ಕ್‌ಶಾಪಿಗೆ ಬಿಡುವುದು ಲೇಸು.

ದ್ರವದ ಆಯ್ಕೆ: ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. 'ಬ್ರೇಕ್ ಆಯಿಲ್' ಎಂಬ ಹೆಸರು ಕೇಳಿ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಭಾಗಗಳೆಲ್ಲ ಊದಿ ಹಾಳಾಗುತ್ತವೆ. ಈ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳನ್ನು ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಪೆಡಲ್ ನೆಲಕ್ಕೆ ತಾಗುತ್ತದೆ. ಆದುದರಿಂದ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು, ಇಳಿಜಾರಿನಲ್ಲಿ ಕೆಳಗಿನ ಗೇರನ್ನು ಬಳಸಬೇಕು. ಈ ದ್ರವ ಬಣ್ಣವನ್ನು ಕಿತ್ತುಹಾಕುವುದರಿಂದ ಚೆಲ್ಲಿದ ಕೂಡಲೇ ನೀರಿನಿಂದ ತೊಳೆಯಬೇಕು.

ದಾರಿಯಲ್ಲಿ ಪೆಡಲ್ ಕುಸಿದರೆ ಎಂಜಿನ್ ಆರಿಸದೆ, ಪೆಡಲನ್ನು ಮೇಲಿಂದ ಮೇಲೆ ತುಳಿಯುತ್ತ, ಗೇರು ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆದು ಅಂಚಿಗೆ ಬಂದು ನಿಲ್ಲಬೇಕು. ಅಲ್ಲಿಂದ ಮುಂದೆ ಆ ಕಾರನ್ನು ಓಡಿಸಕೂಡದು. ಸೋರುವ ಕಾರನ್ನು ಮೆಕ್ಯಾನಿಕನ ಬಳಿಗೆ ಓಡಿಸಿಕೊಂಡು ಹೋಗುವುದಕ್ಕಿಂತ, ಮೆಕ್ಯಾನಿಕನನ್ನೇ ಕಾರಿನ ಬಳಿಗೆ ಕರೆತರುವುದು ಯಾವಾಗಲೂ ಕಡಿಮೆ ಖರ್ಚಿನ ಕೆಲಸ.